ಕೌದಿ ಸುತ್ತಿಕೊಂಡು ಸೆರೆಗೆ ಹೋದವನು

"ಆ ಕೌದಿ ಎಲ್ಲಿಂದ ಬಂತು ನಿಂಗೆ?"

ಹಿಲಾರಸ್ ಒದ್ದೆ ನೆಲದ ಮೇಲೆ ಮಂಡಿಯೂರಿ, ಗಾಣದ ಮನೆಯ ಹಿಂಗೋಡೆಯ ಬುಡದಲ್ಲಿದ್ದ ಕಿಂಡಿಯೊಳಕ್ಕೆ ಬಗ್ಗಿ ಕೇಳಿದ. ಒಳಗೆ, ನೆಲಮಟ್ಟಕ್ಕಿಂತ ಆಳದಲ್ಲಿ, ತಪ್ಪು ಮಾಡಿದ ಆಳುಗಳನ್ನು ಕೂಡಿಹಾಕುವ ಕೋಣೆ. ಅಲ್ಲಿ ಗೋಡೆಗೊರಗಿ ಕೂತಿದ್ದವನು ಬಿಥಸ್, ಥ್ರೇಸ್ ಸೀಮೆಯಿಂದ ಹಿಡಿದು ತಂದು ಮಾರಿದ್ದ ಗಾಣದಾಳು. ಹಿಲಾರಸ್ ಇಳಿಬಿಟ್ಟಿದ್ದ ಹುಳಿನೀರಿನ ಕುಡಿಕೆಯನ್ನು ಅವನು ಬಾಯಿಂದ ಇಳಿಸಿದ.

"ನಂದೇ ಅಣ್ಣ."

"ನಿಂದೇ ಅಂತ ನಂಗೂ ಗೊತ್ತು. ಇಲ್ಲಿಗೆ ಹೆಂಗೆ ಬಂತು?"

"ಚಳಿ ಇತ್ತು."

"ಚಳಿಗೆ ಕೌದಿ ತಾನೇ ನಡ್ಕೊಂಡು ಬಂತಾ?"

ಬಿಥಸ್ ಹಳೆ ಬಟ್ಟೆಯ ತುಂಡುಗಳನ್ನು ಕೂಡಿಸಿ ಹೊಲಿದ ಆ ಕೌದಿಯನ್ನು ಹೆಗಲಿನ ಮೇಲೆ ಇನ್ನಷ್ಟು ಎಳೆದುಕೊಂಡ. ಕುಡಿಕೆಯನ್ನು ಮೇಲಕ್ಕೆ ಚಾಚಿದ.

ಯಜಮಾನ ಟೆಟ್ಟಿಯಸ್ ತನ್ನ ಹಾಸಿಗೆಯಲ್ಲೇ, ಯಾರೋ ಮುಖಕ್ಕೆ ದಿಂಬು ಒತ್ತಿ ಹಿಡಿದು, ಉಸಿರುಕಟ್ಟಿ ಸತ್ತು ಎರಡು ದಿನವಾಗಿತ್ತು.

ಹಿಲಾರಸ್ ಎದ್ದು ಮಂಡಿಯ ಮಣ್ಣು ಕೊಡವಿಕೊಂಡ. ಗುಡ್ಡದ ಇಳಿಜಾರಿನ ಆಲಿವ್ ಮರಗಳಲ್ಲಿ ಕಾಯಿ ಕಪ್ಪಾಗಿ, ಬಡಿಯುವವರಿಲ್ಲದೆ ತಾನೇ ಉದುರುತ್ತಿತ್ತು. ಗಾಣ ನಿಂತುಹೋಗಿತ್ತು. ಕೊಯ್ಲಿನ ಕಾಲದಲ್ಲಿ ಈ ಹೊತ್ತಿಗೆ ಕಲ್ಲು ತಿರುಗುವ ಸದ್ದು ಹಳ್ಳದಾಚೆ ಅವನ ಗುಡಿಸಲಿಗೂ ಕೇಳಿಸಬೇಕಾಗಿತ್ತು. ಈಗ ಹಂದಿಗಳ ಗುಟುರು ಬಿಟ್ಟರೆ ಏನೂ ಇಲ್ಲ.

ಅವನೂ ಒಂದು ಕಾಲಕ್ಕೆ ಈ ಮನೆಯ ಗುಲಾಮನೇ. ಜೇನು ಸಾಕುವುದರಲ್ಲಿ ಪಳಗಿದ ಕೈ ಅಂತ ಯಜಮಾನ ಮೆಚ್ಚಿ ಬಿಡುಗಡೆ ಕೊಟ್ಟಿದ್ದ. ಬಿಡುಗಡೆ ಅವನೊಬ್ಬನಿಗೆ. ಮಗಳು ಪ್ರಿಮಿಲ್ಲಾ ಅದಕ್ಕೂ ಮೊದಲೇ ಹುಟ್ಟಿದವಳು. ಹಾಗಾಗಿ ಅವಳು ಈ ಮನೆಯ ಸೊತ್ತಾಗಿಯೇ ಉಳಿದಳು. ರಾತ್ರಿ ಯಜಮಾನನ ಕೋಣೆಗೆ ದೀಪ ಇಡುವ ಕೆಲಸ ಅವಳದು.

ಯಜಮಾನನನ್ನು ಕೊಂದವನು ಆಳುಗಳಲ್ಲಿ ಒಬ್ಬನಾದರೆ, ಅದೇ ಸೂರಿನಡಿ ಮಲಗಿದ್ದ ಎಲ್ಲ ಆಳುಗಳಿಗೂ ಸಾವು. ಇದು ಹಳೆಯ ಕಾನೂನು. ಹೆದರಿಸಲಷ್ಟೇ ಇರುವುದು ಅಂತ ಜನ ಮರೆತಿದ್ದರು. ಆದರೆ ಈ ವರ್ಷ ರೋಮ್ ನಗರದಲ್ಲಿ ದೊಡ್ಡ ಅಧಿಕಾರಿಯೊಬ್ಬನನ್ನು ಅವನ ಆಳೇ ಕೊಂದ. ಆ ಒಂದು ಮನೆಯಲ್ಲಿ ನಾನೂರು ಆಳುಗಳಿದ್ದರು. ಜನ ಕಲ್ಲು, ಪಂಜು ಹಿಡಿದು ಅಡ್ಡ ನಿಂತರೂ ಕೇಳದೆ, ದಾರಿಯುದ್ದಕ್ಕೂ ಸೈನಿಕರನ್ನು ನಿಲ್ಲಿಸಿ, ಹೆಂಗಸು ಮುದುಕ ಅನ್ನದೆ ಎಲ್ಲರನ್ನೂ ನಡೆಸಿಕೊಂಡು ಹೋಗಿ ಸಾಯಿಸಿದರು.

ಮಕ್ಕಳಿಲ್ಲದ ಯಜಮಾನನ ತಮ್ಮನ ಮಗ ಕಾರಸ್, ಊರಿನ ತನಿಖಾಧಿಕಾರಿಯನ್ನು ಕರೆದುಕೊಂಡು ನಾಳೆ ಸಂಜೆಗೆ ಬರುವವನಿದ್ದ. ಅಷ್ಟರಲ್ಲಿ ಕೊಲೆಗಾರ ಹೊರಗಿನವನು ಅಂತ ತೋರಿಸಬೇಕು. ಇಲ್ಲದಿದ್ದರೆ ಪ್ರಿಮಿಲ್ಲಾ ಇಲ್ಲ.

ಆದರೆ ಈ ಕೌದಿ ಬೇರೆಯೇ ದಾರಿ ತೋರಿಸುತ್ತಿತ್ತು.

*

ಆಳುಗಳನ್ನೆಲ್ಲ ಕಣಜದ ಮನೆಯೊಳಗೆ ತುಂಬಿ, ಬಾಗಿಲಿಗೆ ಪಕ್ಕದ ಜಮೀನ್ದಾರನ ಕಾವಲಿನವರನ್ನು ಕೂರಿಸಲಾಗಿತ್ತು. ಹಿಲಾರಸ್ ಸ್ವತಂತ್ರನಾದ್ದರಿಂದ ಅವನನ್ನು ತಡೆಯಲಿಲ್ಲ. ಕಾವಲಿನವನು ಆಕಳಿಸುತ್ತ ದಾರಿ ಬಿಟ್ಟ.

ಒಳಗೆ ಬೆವರು, ಹೊಟ್ಟು, ಮಕ್ಕಳ ಉಚ್ಚೆಯ ವಾಸನೆ. ದ್ರಾಕ್ಷಿತೋಟದ ಮುದುಕ ಸೂರಸ್ ಬಾಗಿಲ ಬಳಿಯೇ ಕೂತಿದ್ದ.

"ಏನಣ್ಣ, ಹೆಂಗಿದ್ದೀಯ?" ಹಿಲಾರಸ್ ಕೇಳಿದ.

"ಆಂ? ಕೇಳಲ್ಲ ನಂಗೆ. ನಿನ್ನೆಯಿಂದ ಕಿವುಡು."

"ಕಿವುಡನಂತೆ ಕಿವುಡ!" ಮೂಲೆಯಿಂದ ಪಾರುಪತ್ಯಗಾರನ ಹೆಂಡತಿ ಥಾಲ್ಲುಸಾ ಹೇಳಿದಳು. "ಬೆಳಿಗ್ಗೆ ಅಂಬಲಿ ಬಂತು ಅಂತ ನಾನು ಪಿಸುಗುಟ್ಟಿದ್ದೇ ತಡ, ಎಲ್ಲರಿಗಿಂತ ಮುಂಚೆ ಬಟ್ಟಲು ಹಿಡಿದು ನಿಂತೋನು ಯಾರು?"

"ಅದು ವಾಸನೆ ಕಣಮ್ಮ. ಮೂಗಿಗೇನು ಕಿವುಡಾ?"

ಒಂದಿಬ್ಬರು ನಕ್ಕರು. ನಗು ಅಲ್ಲಲ್ಲೇ ಆರಿಹೋಯಿತು.

ಮುದುಕ ಯಾಕೆ ಕಿವುಡನಾದ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಯಜಮಾನನ ನೆರವಿಗೆ ಬರಲು ಆಗುತ್ತಲೇ ಇರಲಿಲ್ಲ ಅನ್ನುವಂಥವರನ್ನು ಮಾತ್ರ ಕಾನೂನು ಬಿಡುತ್ತದೆ. ಕೂಗು ಕೇಳಿಸದ ಕಿವುಡರು, ಮೇಲೇಳಲಾಗದ ರೋಗಿಗಳು, ಬೀಗದೊಳಗೆ ಇದ್ದವರು.

ಬೀಗದೊಳಗೆ ಇದ್ದವರು.

ಪಾರುಪತ್ಯಗಾರ ಸೆಕುಂದಿಯೊ ಖಾಲಿ ಬುಟ್ಟಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದ. ಅವನೂ ಗುಲಾಮನೇ, ಇಷ್ಟು ದಿನ ಕೋಲು ಕೈಯಲ್ಲಿದ್ದದ್ದಷ್ಟೇ ವ್ಯತ್ಯಾಸ. ಈಗ ಕೋಲಿರಲಿಲ್ಲ. ಕೈ ಏನು ಮಾಡಬೇಕೆಂದು ತಿಳಿಯದೆ ಮೊಣಕಾಲು ಉಜ್ಜುತ್ತಿತ್ತು.

"ಬಿಥಸ್‌ನ ಒಳಗೆ ಹಾಕಿದ್ದು ಯಾವಾಗ?"

"ಅವತ್ತು ಸಂಜೆ. ಮಡಿಕೆ ಒಡೆದ. ನನ್ನ ಕಾಲ ಮೇಲೇ ಒಡೆದ, ಹಾಳಾದೋನು."

"ಎಣ್ಣೆ ಮಡಿಕೇನಾ?"

"ಎಣ್ಣೆ ಆಗಿದ್ರೆ ಚರ್ಮ ಸುಲೀತಿದ್ದೆ. ಮಡ್ಡಿ. ತಳದಲ್ಲಿ ನಿಲ್ಲುತ್ತಲ್ಲ, ಕರಿ ಮಡ್ಡಿ. ಅದಕ್ಕೇನು ಹೊಡೆಯೋದು? ಒಂದು ರಾತ್ರಿ ಬಿದ್ದಿರು ಅಂತ ನೂಕಿದೆ."

"ಹತ್ತು ವರ್ಷದಿಂದ ಗಾಣದಲ್ಲಿರೋನು. ಮುಂಚೆ ಯಾವಾಗಾದ್ರೂ ಒಡೆದಿದ್ನಾ?"

ಸೆಕುಂದಿಯೊ ಯೋಚಿಸಿದ. "ಇಲ್ಲ."

"ನೂಕುವಾಗ ಕೌದಿ ತಗೊಂಡು ಹೋಗೋಕೆ ಬಿಟ್ಯಾ?"

"ಹುಂ, ತಲೆದಿಂಬೂ ಕೊಟ್ಟೆ! ಕತ್ತು ಹಿಡಿದು ತಳ್ಳಿದೆ ಮಾರಾಯ. ಮೈಮೇಲಿದ್ದದ್ದು ಎಷ್ಟೋ ಅಷ್ಟೇ." ಅವನು ಮೊಣಕಾಲು ಉಜ್ಜುವುದನ್ನು ನಿಲ್ಲಿಸಿದ. "ಆದ್ರೆ ಅವತ್ತು ಅಂಗಿಯೊಳಗೆ ಸೊಂಟಕ್ಕೆ ಏನೋ ದಪ್ಪಗೆ ಸುತ್ತಿಕೊಂಡಿದ್ದ. ಎಷ್ಟು ತಿಂಗಳೋ ನಿಂಗೆ ಅಂತ ನಾನೇ ರೇಗಿಸಿದೆ. ಬೆನ್ನು ನೋವು ಅಂದ."

"ಗಾಣದ ಮನೆಯಲ್ಲಿ."

"ಹೂಂ."

ಎಣ್ಣೆ ಸಲೀಸಾಗಿ ಇಳಿಯಲಿ ಅಂತ ಗಾಣದ ಮನೆಯಲ್ಲಿ ಹಗಲೆಲ್ಲ ಬೆಂಕಿ ಉರಿಸುತ್ತಾರೆ. ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚಿರುತ್ತದೆ. ಅಲ್ಲಿ ಕೆಲಸ ಮಾಡುವವರು ಲಂಗೋಟಿ ಬಿಟ್ಟು ಇನ್ನೇನೂ ಉಡುವುದಿಲ್ಲ. ಅಂಥ ಬೇಗೆಯಲ್ಲಿ ಒಬ್ಬ ಮನುಷ್ಯ ಅಂಗಿ ತೊಟ್ಟು, ಅದರೊಳಗೆ ಚಳಿಗಾಲದ ಕೌದಿ ಸುತ್ತಿಕೊಂಡು ಬಂದಿದ್ದ. ಸಂಜೆಗೆ ತಾನು ಎಲ್ಲಿ ಮಲಗಬೇಕಾಗುತ್ತದೆ ಎನ್ನುವುದು ಅವನಿಗೆ ಬೆಳಿಗ್ಗೆಯೇ ಗೊತ್ತಿತ್ತು. ಹೊಡೆಸಿಕೊಳ್ಳದೆ ಬೀಗ ಹಾಕಿಸಿಕೊಳ್ಳಲು ಯಾವ ಮಡಿಕೆ ಒಡೆಯಬೇಕು ಎನ್ನುವುದೂ ಗೊತ್ತಿತ್ತು.

ಅಂದರೆ ರಾತ್ರಿ ಏನಾಗಲಿದೆ ಎನ್ನುವುದೂ.

"ಅಪ್ಪಾ."

ಪ್ರಿಮಿಲ್ಲಾ ಯಾರದೋ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಬಂದಳು. ಎರಡು ದಿನದಲ್ಲಿ ಕಣ್ಣು ಒಳಕ್ಕೆ ಹೋಗಿತ್ತು. ಹಿಲಾರಸ್ ಮಡಿಲಿನಿಂದ ಒಡೆದ ಹಾಲನ್ನು ಹಿಂಡಿ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಗಿಣ್ಣು, ರೊಟ್ಟಿಯ ತುಂಡು ತೆಗೆದು ಕೊಟ್ಟ. ಅವಳು ಗಿಣ್ಣನ್ನು ಕೂಸಿನ ಬಾಯಿಗಿಟ್ಟಳು.

"ನಿನಗೆ ಅಂತ ತಂದೆ."

"ಅದಕ್ಕೆ ಹಲ್ಲು ಬಂದಿದೆ ನೋಡು, ಹೆಂಗೆ ಕಚ್ಚುತ್ತೆ." ಆಮೇಲೆ ದನಿ ತಗ್ಗಿಸಿದಳು. "ನೀನು ಮನೆಗೆ ಹೋಗು. ಹೊತ್ತು ಮುಳುಗೋವರೆಗೂ ಈ ಸೂರಿನ ಕೆಳಗೆ ನಿಲ್ಬೇಡ. ನಿನ್ನನ್ನೂ ಸೇರಿಸಿಬಿಡ್ತಾರೆ."

"ಸೇರಿಸಲಿ ಬಿಡು."

"ಹುಚ್ಚು ಮಾತಾಡ್ಬೇಡ. ಜೇನಿಗೆ ಯಾರಿದ್ದಾರೆ?"

"ಜೇನಿಗೆ ಅಪ್ಪ ಬೇಕಾಗಿಲ್ಲ. ಅವತ್ತು ರಾತ್ರಿ ನೀನು ದೀಪ ಇಟ್ಟು ಬಂದಾಗ ಧಣಿ ಎದ್ದಿದ್ರಾ?"

"ಎದ್ದಿದ್ರು. ಬತ್ತಿ ಹೊಗೆ ಆಡ್ತಿದೆ ಅಂತ ಬೈದ್ರು. ಎಷ್ಟು ಸಲ ಕೇಳ್ತೀಯಪ್ಪ ಅದನ್ನೇ?" ಅವಳು ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿದಳು. "ಬಿಥಸ್‌ಗೆ ನೀರು ಕೊಟ್ಯಾ?"

"ಕೊಟ್ಟೆ."

"ಅವನು ಬದುಕ್ತಾನೆ ಅಲ್ವಾ ಅಪ್ಪಾ? ಬೀಗದೊಳಗಿದ್ದೋನು."

ಅವಳ ಮುಖದಲ್ಲಿ ಎರಡು ದಿನದಲ್ಲಿ ಮೊದಲ ಸಲ ಏನೋ ಒಂದು ಬೆಳಕು ಕಂಡಿತು. ಹಿಲಾರಸ್‌ಗೆ ಆ ಬೆಳಕು ಯಾತರದು ಅನ್ನುವುದು ಅರ್ಥವಾಯಿತು. ಮಗಳು ದೊಡ್ಡವಳಾಗಿದ್ದಾಳೆ, ತನಗೆ ಗೊತ್ತೇ ಆಗಲಿಲ್ಲ. ಬೇರೆ ಕಾಲವಾಗಿದ್ದರೆ ಒಂದಿಷ್ಟು ರೇಗಿ, ಒಂದಿಷ್ಟು ಬೈದು, ಕೊನೆಗೆ ಪಾರುಪತ್ಯಗಾರನ ಮುಂದೆ ತಾನೇ ಹೋಗಿ ಕೈಮುಗಿದು ಇಬ್ಬರಿಗೂ ಒಂದು ಮೂಲೆ ಕೊಡು ಅಂತ ಕೇಳುತ್ತಿದ್ದ.

"ಬದುಕ್ತಾನೆ" ಅಂದು, ಅವಳ ಮುಖ ನೋಡದೆ ಹೊರಗೆ ಬಂದ.

*

ಈ ಸಲ ಅವನು ಮಂಡಿಯೂರಲಿಲ್ಲ. ಕಿಂಡಿಯ ಪಕ್ಕದ ಗೋಡೆಗೆ ಬೆನ್ನು ಕೊಟ್ಟು ನೆಲಕ್ಕೇ ಕೂತ.

"ಬಿಥಸ್, ಕೇಳಿಸ್ಕೋ. ಆ ಮಡಿಕೆ ಕೈಜಾರಿ ಬಿದ್ದಿದ್ದಲ್ಲ."

ಒಳಗೆ ಕೌದಿ ಸರಿದ ಸದ್ದಾಯಿತು.

"ಬೆಂಕಿ ಮುಂದೆ ಕೌದಿ ಸುತ್ಕೊಂಡು ಬೆಂದೆಯಲ್ಲೋ ಇಡೀ ದಿನ. ಯಾಕೆ? ರಾತ್ರಿ ಇಲ್ಲಿ ಚಳಿ ಅಂತ ಗೊತ್ತಿತ್ತು. ಇಲ್ಲಿಗೆ ಬರ್ತೀನಿ ಅಂತ ಗೊತ್ತಿತ್ತು. ಇಲ್ಲಿದ್ದೋನಿಗೆ ಸಾವಿಲ್ಲ ಅಂತಾನೂ ಗೊತ್ತಿತ್ತು."

"ಬೆನ್ನು ನೋವಿತ್ತು ಅಣ್ಣ."

"ನಾಳೆ ಅಧಿಕಾರಿ ಬರ್ತಾನೆ. ಈ ಮಾತು ಅವನಿಗೆ ಹೇಳಿದ್ರೆ ನಿನ್ನ ಬೀಗ ನಿನ್ನ ಕಾಯಲ್ಲ. ಬೀಗ ಕೇಳಿ ಹಾಕಿಸ್ಕೊಂಡೋನು ಕೊಲೆಗಾರನ ಜೊತೆಗಾರ."

"ಹೇಳು."

"ಹೆದರಿಕೆ ಇಲ್ವಾ?"

"ಇದೆ." ಬಿಥಸ್‌ನ ದನಿ ಕಿಂಡಿಯ ಹತ್ತಿರ ಬಂತು, ಎದ್ದು ನಿಂತಿದ್ದ. "ನಂಗೇನಾದ್ರೂ ಆಗ್ಲಿ. ಆದ್ರೆ ಹೇಳಬೇಡ ಅಣ್ಣ. ಕಾಲಿಗೆ ಬೀಳ್ತೀನಿ. ಇಲ್ಲಿಂದ ನಿನ್ನ ಕಾಲು ಸಿಗಲ್ಲ, ಆದ್ರೂ ಬೀಳ್ತೀನಿ ಅಂತ ತಿಳ್ಕೋ."

"ಅಲ್ಲಿ ಇಪ್ಪತ್ತು ಚಿಲ್ಲರೆ ಜನ ಸಾಯ್ತಾರೆ. ಹಾಲು ಕುಡಿಯೋ ಕೂಸು ಇದೆ. ನೀನು ಸುಮ್ನೆ ಕೂತ್ಕೊಂಡು ಎಲ್ಲ ಕೇಳಿಸ್ಕೊಂಡು ಆಮೇಲೆ ಆಚೆ ಬಂದು ಗಾಣ ತಿರುಗಿಸ್ತೀಯಾ?"

"ನಾನು ಕೊಂದಿಲ್ಲ!"

"ಕೊಂದೋನು ಯಾರು?"

"ಗೊತ್ತಿಲ್ಲ. ನಿಜವಾಗ್ಲೂ ಗೊತ್ತಿಲ್ಲ. ಇವತ್ತು ಹೇಗಾದ್ರೂ ಮಾಡಿ ಬೀಗದೊಳಗೆ ಸೇರ್ಕೋ, ಯಾಕೆ ಅಂತ ಕೇಳ್ಬೇಡ ಅಂದ್ರು. ಅಷ್ಟೇ."

"ಯಾರು ಅಂದಿದ್ದು?"

"ನನ್ನ ಬಾಯಲ್ಲಿ ಆ ಹೆಸರು ಬರಿಸ್ಬೇಡ ಅಣ್ಣ."

"ನೀನು ಹೇಳ್ದೆ ಇದ್ರೆ ನಾಳೆ ಅವರು ಹೇಳಿಸ್ತಾರೆ. ಹಗ್ಗ ಕಟ್ಟಿ, ಕೀಲು ಕಳಚಿ ಹೇಳಿಸ್ತಾರೆ. ಆಗ ಅವರಿಗೆ ಹೇಳ್ತೀಯ. ಅದಕ್ಕಿಂತ ಮುಂಚೆ ನಂಗೆ ಹೇಳು. ಯಾರು?"

ಗೋಡೆಯ ಮೇಲೆ ಬಸವನಹುಳುವೊಂದು ಏರುತ್ತಿತ್ತು. ಹಿಲಾರಸ್ ಅದನ್ನೇ ನೋಡುತ್ತ ಕೂತ.

"ನಿನ್ನ ಮಗಳು" ಅಂದ ಬಿಥಸ್.

ಹಿಲಾರಸ್ ಕಿಂಡಿಯ ಕಡೆಗೆ ತಿರುಗಿದ.

"ನಸುಕಿನಲ್ಲಿ ಹಂದಿ ದೊಡ್ಡಿ ಹತ್ರ ಹೇಳಿದ್ಲು. ಯಾರು ಏನು ಮಾಡ್ತಾರೆ ಅಂತ ಕೇಳ್ದೆ. ಹೇಳಲಿಲ್ಲ, ಅತ್ಲು. ನೀನೂ ಎಲ್ಲಾದ್ರೂ ಹೋಗು ಅಂದೆ. ಹೆಂಗಸರನ್ನ ಹಾಕೋಕೆ ಬೀಗದ ಕೋಣೆ ಇಲ್ವಲ್ಲ ಅಂತ ನಕ್ಕಳು ಅಣ್ಣ. ಅತ್ತ ಮುಖದಲ್ಲೇ ನಕ್ಕಳು. ನಾನು ದೀಪ ಇಡಲಿಲ್ಲ ಅಂದ್ರೆ ಮೊದಲು ನನ್ನನ್ನೇ ಹುಡುಕ್ತಾರೆ ಅಂದ್ಲು."

ಅದೇ ದಿನ ಮಧ್ಯಾಹ್ನ ಅವಳು ಹಳ್ಳ ದಾಟಿ ಅಪ್ಪನ ಗುಡಿಸಲಿಗೂ ಬಂದಿದ್ದಳು, ಅಡುಗೆಮನೆಗೆ ಜೇನು ಬೇಕು ಅಂತ. ಮಡಿಕೆ ತುಂಬಿದ ಮೇಲೂ ನಿಂತೇ ಇದ್ದಳು. ಏನಮ್ಮ ಅಂದಿದ್ದಕ್ಕೆ, ಏನಿಲ್ಲ, ಇಲ್ಲಿ ಗಾಳಿ ಚೆನ್ನಾಗಿದೆ ಅಂದಿದ್ದಳು.

ಗೊತ್ತಿತ್ತು ಅವಳಿಗೆ. ಮುಂಚೆಯೇ ಗೊತ್ತಿತ್ತು. ಕೈ ಹಾಕಿದವಳು ಅವಳೋ, ಬೇರೆಯವರ ಗುಟ್ಟು ಕಿವಿಗೆ ಬಿದ್ದಿತ್ತೋ? ಎರಡರಲ್ಲಿ ಯಾವುದಾದರೂ ಕಾನೂನಿಗೆ ಒಂದೇ. ಮುಂಚೆ ತಿಳಿದೂ ಯಜಮಾನನಿಗೆ ಹೇಳದ ದಾಸಿ.

"ಈ ಮಾತು ಇನ್ಯಾರಿಗೆ ಗೊತ್ತು?"

"ನಿನಗೆ, ನನಗೆ."

"ಇನ್ನು ಮೇಲೆ ನಿನಗೂ ಗೊತ್ತಿಲ್ಲ. ಬೆನ್ನು ನೋವು. ತಿಳೀತಾ?"

"ಹಗ್ಗ ಕಟ್ಟಿದ್ರೆ ಅಣ್ಣ?" ಬಿಥಸ್ ಕೇಳಿದ. "ಆಗ ನಾನು ಏನು ಹೇಳ್ತೀನೋ ನನಗೇ ಗೊತ್ತಿಲ್ವಲ್ಲ."

ಹಿಲಾರಸ್ ಗೋಡೆ ಹಿಡಿದು ಎದ್ದ. ಹೆಬ್ಬಾಗಿಲ ಬಳಿ ನಾಯಿಗಳು ಒಟ್ಟಿಗೆ ಬೊಗಳತೊಡಗಿದ್ದವು.

*

ಕಾರಸ್ ಒಂದು ದಿನ ಮುಂಚೆಯೇ ಬಂದಿದ್ದ.

ಹೇಸರಗತ್ತೆಗಳ ಗಾಡಿಯೊಂದು ಅಂಗಳಕ್ಕೆ ಬಂತು. ಗಾಡಿಯಲ್ಲಿ ಗೋಣಿಬಟ್ಟೆ ಮುಚ್ಚಿದ ಮರದ ಚೌಕಟ್ಟು. ಕೆಳಗಿನಿಂದ ನಾಲ್ಕು ಕಾಲು ಕಾಣುತ್ತಿದ್ದವು. ಕುದುರೆ ಅಂತಲೇ ಅದಕ್ಕೆ ಹೆಸರು. ಅದರ ಮೇಲೆ ಮಲಗಿಸಿ ಕೈಕಾಲು ಜಗ್ಗುತ್ತಾರೆ. ಗುಲಾಮರ ಸಾಕ್ಷಿಯನ್ನು ಹಾಗೆ ಪಡೆದರೇ ಅದು ಸಾಕ್ಷಿ. ಬರೀ ಬಾಯಿಮಾತನ್ನು ಯಾವ ನ್ಯಾಯಸ್ಥಾನವೂ ಒಪ್ಪುವುದಿಲ್ಲ.

ಆಳುಗಳನ್ನು ಹೊರಗೆ ತಂದು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದರು. ಸೂರಸ್ ಮುದುಕ ಕಿವುಡನಾಗುವುದನ್ನೂ ಮರೆತು ಗಾಡಿಯನ್ನೇ ನೋಡುತ್ತಿದ್ದ. ಕೂಸನ್ನು ತಾಯಿಗೆ ಕೊಟ್ಟು ಪ್ರಿಮಿಲ್ಲಾ ಸಾಲಿನ ತುದಿಗೆ ನಿಂತಳು.

ಅಧಿಕಾರಿ ಕೊಸ್ಸೀನಿಯಸ್ ಕೆಟ್ಟವನೇನೂ ಅಲ್ಲ. ನೆಗಡಿಯಾಗಿತ್ತು, ಮೂಗು ಒರೆಸಿಕೊಳ್ಳುತ್ತ, ಬೇಗ ಮುಗಿಸಿ ಮನೆ ಸೇರಿದರೆ ಸಾಕು ಅನ್ನುವವನ ಹಾಗೆ ಕಲ್ಲಿನ ಮೇಲೆ ಕೂತ.

"ಬಿಡುಗಡೆ ಆದೋನು ನೀನೇ ಏನಪ್ಪ? ಹತ್ತಿರ ಬಾ. ನಿನ್ನ ಮೈ ಯಾರೂ ಮುಟ್ಟಲ್ಲ. ನಿನ್ನ ಮಾತಿಗೆ ಬೆಲೆ ಇದೆ." ಒಂದು ಸೀನು ಬಂತು. "ಎಲ್ಲರಿಗಿಂತ ಜಾಸ್ತಿ ಅನುಮಾನ ಯಾರ ಮೇಲಿದೆಯೋ ಅವರಿಂದ ಶುರು ಮಾಡೋದು ಪದ್ಧತಿ. ನನಗೆ ಇವರ ಮುಖ ಪರಿಚಯ ಇಲ್ಲ. ನಿನಗಿದೆ. ಯಾರಿಂದ ಶುರು ಮಾಡ್ಲಿ?"

ಆ ಸಾಲಿನಲ್ಲಿ ಹಿಲಾರಸ್‌ನ ಮಗಳಿದ್ದಾಳೆ ಅನ್ನುವುದು ಅವನಿಗೆ ಗೊತ್ತಿರಲಿಲ್ಲ. ಗೊತ್ತಾಗುವ ಹಾಗೂ ಇರಲಿಲ್ಲ. ಗುಲಾಮರಿಗೆ ಕಾನೂನಿನಲ್ಲಿ ತಂದೆ ಎನ್ನುವವನು ಇರುವುದಿಲ್ಲ.

"ಇಷ್ಟೇ ಜನಾನಾ?" ಕೊಸ್ಸೀನಿಯಸ್ ಸಾಲಿನ ಕಡೆ ನೋಡಿದ.

"ಇಷ್ಟೇ" ಅಂದ ಕಾರಸ್. ದುಃಖದ ಕಪ್ಪು ಬಟ್ಟೆ ಹೊದ್ದು, ನೇರ ದೊಡ್ಡಪ್ಪನ ಹೆಣದ ಬಳಿ ಹೋಗಿ ಬಂದು ನಿಂತಿದ್ದ. ಅಂಗಳದಲ್ಲಿ ಯಾರೊಂದಿಗೂ ಇನ್ನೂ ಒಂದು ಮಾತಾಡಿರಲಿಲ್ಲ. "ಆ ಥ್ರೇಸ್‌ನವನನ್ನ ಬಿಟ್ಟು. ಅವನ ತಂಟೆ ಬೇಡ ಸ್ವಾಮಿ. ಅವತ್ತು ಸಂಜೆಯಿಂದ್ಲೇ ಬೀಗದೊಳಗಿದ್ದ, ಪಾಪ. ಒಂದು ಮಡಿಕೆ ಮಡ್ಡಿ ಚೆಲ್ಲಿದ್ದಕ್ಕೆ."

ಹಿಲಾರಸ್ ನೆಲ ನೋಡುತ್ತಿದ್ದವನು ತಲೆ ಎತ್ತಿದ.

ಕಾರಸ್‌ಗೆ ಸುದ್ದಿ ಕೊಡಲು ಹೋದವನು ಪಕ್ಕದ ಜಮೀನಿನ ಸವಾರ. ಹೆಬ್ಬಾಗಿಲಲ್ಲೇ ನಿಂತು, ಯಜಮಾನ ಸತ್ತ ಅನ್ನುವಷ್ಟು ಮಾತ್ರ ಕೇಳಿಸಿಕೊಂಡು ಹೋದವನು. ಮಡ್ಡಿ ಚೆಲ್ಲಿದ್ದು ಕಂಡವರು ಗಾಣದ ಆಳುಗಳು, ಸೆಕುಂದಿಯೊ. ಅವರೆಲ್ಲ ಅಂದಿನಿಂದ ಕಣಜದೊಳಗಿದ್ದರು. ಕಾವಲಿನವರಿಗೆ ಗಾಣದ ಹಿಂದೆ ಒಂದು ಕಿಂಡಿ ಇರುವುದೇ ತಿಳಿದಿರಲಿಲ್ಲ.

ಆ ಸಂಜೆ ಈ ಜಮೀನಿನ ಮೇಲೆ ಇದ್ದವನಿಗೆ ಮಾತ್ರ ಗೊತ್ತಿರಬೇಕಾದ ಮಾತು ಅದು.

ಕಾರಸ್ ಹತ್ತಿರ ಬಂದು ಹಿಲಾರಸ್‌ನ ಹೆಗಲ ಮೇಲೆ ಕೈಯಿಟ್ಟ. "ಹೆದರ್ಕೋಬೇಡ ಹಿಲಾರಸ್. ದೊಡ್ಡಪ್ಪ ಹೋದ್ರು. ಇನ್ನು ಮೇಲೆ ನಿನಗೂ ನಾನೇ ಅಲ್ವಾ ಧಣಿ."

ನಿಜ. ಬಿಡುಗಡೆಯಾದವನು ತನ್ನ ಧಣಿಯ ಮೇಲೆ ದೂರು ಹೇಳುವ ಹಾಗಿಲ್ಲ. ಹೇಳಿದರೆ ಶಿಕ್ಷೆ ದೂರು ಹೇಳಿದವನಿಗೆ. ಸಾಲಿನ ತುದಿಯಲ್ಲಿ ಪ್ರಿಮಿಲ್ಲಾ ಅಪ್ಪನ ಮುಖ ನೋಡುತ್ತಿರಲಿಲ್ಲ. ಅವನ ಹೆಗಲ ಮೇಲಿದ್ದ ಆ ಕೈಯನ್ನು ನೋಡುತ್ತಿದ್ದಳು. ಅವಳ ತುಟಿ ಬಿಳಿಚಿಕೊಂಡಿತ್ತು. ಮರದ ಕುದುರೆಯನ್ನು ಕಂಡಾಗಲೂ ಅವಳು ಹಾಗೆ ಹೆದರಿರಲಿಲ್ಲ.

"ಮಾತಾಡಪ್ಪ" ಕೊಸ್ಸೀನಿಯಸ್ ಮತ್ತೆ ಮೂಗು ಒರೆಸಿಕೊಂಡ. "ನಿನಗೂ ಯಾರ ಮೇಲೂ ಅನುಮಾನ ಇಲ್ವಾ? ಹೋಗ್ಲಿ ಬಿಡು. ಹಾಗಾದ್ರೆ ಒಂದು ಕಡೆಯಿಂದ ಶುರು ಮಾಡೋಣ." ಗಾಡಿಯ ಪಕ್ಕದ ಆಳುಗಳಿಗೆ ಕೈಸನ್ನೆ ಮಾಡಿದ. "ಆ ತುದಿಯಿಂದ. ಆ ಹುಡುಗೀನ ಕರ್ಕೊಂಡು ಬನ್ನಿ."

ಗೋಣಿಬಟ್ಟೆ ಎಳೆದರು. ಇಬ್ಬರು ಸಾಲಿನ ತುದಿಗೆ ನಡೆದರು. ಒಬ್ಬ ಅವಳ ರಟ್ಟೆಗೆ ಕೈ ಹಾಕಿದ.

"ನಿಲ್ಸಿ!"

ಇಡೀ ಅಂಗಳ ತನ್ನ ಕಡೆ ತಿರುಗಿದ ಮೇಲೇ ಹಿಲಾರಸ್‌ಗೆ ಗೊತ್ತಾಯಿತು, ಕೂಗಿದವನು ತಾನು. ರಟ್ಟೆ ಹಿಡಿದವನು ಹಾಗೇ ನಿಂತ. ಹೆಗಲ ಮೇಲಿದ್ದ ಕೈ ಮೆಲ್ಲಗೆ ಬಿಗಿಯಾಯಿತು.

"ಅವಳು ಬೇಡ ಅಂದ್ರೆ ಮತ್ತೆ ಯಾರು?" ಕೊಸ್ಸೀನಿಯಸ್ ಕೇಳಿದ. "ಹೆಸರು ಹೇಳು."